ತಾರಸಿಯ ಫ್ಯಾನು, ಕೆಳಗಿನ ಪ್ರಯೋಗಾಲಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ರಸಾಯನ ಪ್ರಯೋಗಾಲಯದ ತಾರಸಿಯಲ್ಲಿರುವ ಎಕ್ಸಾಸ್ಟ್ ಫ್ಯಾನುಗಳ ಬೆಲ್ಟ್ ಬದಲಿಸುವುದು, ಬೇರಿಂಗಿಗೆ ಗ್ರೀಸ್ ಹಾಕುವುದು ನಮ್ಮ ಕೆಲಸ. ಸ್ವಿಚ್ ಆಫ್ ಮಾಡಿ, ಮಾಸ್ಕ್ ಹಾಕಿಕೊಂಡು ಮಾಡುತ್ತೇವೆ. ಇಷ್ಟು ಸಾಕೇ?

ಉತ್ತರ: ಸಾಲದು. ಕೆಳಗೆ ಏನು ಕುದಿಯುತ್ತಿದೆ ಎಂಬುದು ಮೇಲಿರುವವರಿಗೆ ಗೊತ್ತಿಲ್ಲ. ಮೇಲೆ ಯಾರಿದ್ದಾರೆ ಎಂಬುದು ಕೆಳಗಿನವರಿಗೆ ಗೊತ್ತಿಲ್ಲ. ಅಪಾಯದ ಬೇರು ಇರುವುದು ಇಲ್ಲೇ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಪ್ರಯೋಗಾಲಯದ ಹೊಣೆಗಾರರಿಂದ ಬರೆದ ಒಪ್ಪಿಗೆ ಬೇಕು. ಆ ಫ್ಯಾನಿಗೆ ಯಾವ ಯಾವ ಫ್ಯೂಮ್ ಹುಡ್‌ಗಳು (ಆವಿ, ಹೊಗೆ ಹೀರಿಕೊಳ್ಳುವ ಪ್ರಯೋಗದ ಗೂಡುಗಳು) ಸೇರಿವೆ, ಅವುಗಳಲ್ಲಿ ಏನೇನು ಬಳಸಿದ್ದಾರೆ ಎಂಬುದು ಅದರಲ್ಲಿರಲಿ. ಅವರು ಕೆಲಸ ನಿಲ್ಲಿಸಿ, ಬಾಟಲಿಗಳ ಮುಚ್ಚಳ ಬಿಗಿದು, ಹುಡ್ಡಿನ ಗಾಜಿನ ಬಾಗಿಲು (ಸ್ಯಾಶ್) ಇಳಿಸಿ, ‘ಬಳಸಬೇಡಿ’ ಎಂಬ ಫಲಕ ತೂಗುಹಾಕಬೇಕು. ಆಮೇಲೂ ಫ್ಯಾನನ್ನು ಸ್ವಲ್ಪ ಹೊತ್ತು ಓಡಲು ಬಿಡಿ, ಡಕ್ಟಿನಲ್ಲಿ (ಗಾಳಿ ಸಾಗುವ ಕೊಳವೆಯಲ್ಲಿ) ಉಳಿದ ಹೊಗೆ ಹೊರಹೋಗಲಿ.

ಆಫ್ ಮಾಡುವುದು ಫ್ಯಾನಿನ ಪಕ್ಕದ ಐಸೊಲೇಟರಿನಲ್ಲಿ, ಅಂದರೆ ವಿದ್ಯುತ್ತನ್ನು ಪೂರ್ತಿ ಕಡಿಯುವ ಸ್ವಿಚ್ಚಿನಲ್ಲಿ. ನಿಮ್ಮ ಸ್ವಂತ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಕಂಟ್ರೋಲ್ ರೂಮಿನ ಸ್ವಿಚ್ಚನ್ನು ನಂಬಬೇಡಿ. ಆಟೊಮ್ಯಾಟಿಕ್ ವ್ಯವಸ್ಥೆ ಯಾವ ಕ್ಷಣದಲ್ಲಾದರೂ ಫ್ಯಾನನ್ನು ಮತ್ತೆ ಓಡಿಸಬಹುದು. ಬೀಗ ಹಾಕಿದ ಮೇಲೆ ಸ್ಟಾರ್ಟ್ ಒತ್ತಿ ಪರೀಕ್ಷಿಸಿ. ಒಂದೇ ಡಕ್ಟಿಗೆ ಎರಡು ಮೂರು ಫ್ಯಾನುಗಳಿದ್ದರೆ, ಪಕ್ಕದ ಫ್ಯಾನಿನ ಗಾಳಿ ಸೋರುವ ಡ್ಯಾಂಪರಿನ (ಗಾಳಿ ತಡೆಯುವ ಬಾಗಿಲಿನ) ಮೂಲಕ ನುಗ್ಗಿ, ನೀವು ನಿಲ್ಲಿಸಿದ ಫ್ಯಾನಿನ ಇಂಪೆಲ್ಲರನ್ನು (ರೆಕ್ಕೆಗಳ ಚಕ್ರವನ್ನು) ತಿರುಗಿಸುತ್ತದೆ. ಬೆರಳು ಹೋಗುವುದು ಹೀಗೆಯೇ. ಇಂಪೆಲ್ಲರ್ ತಿರುಗದಂತೆ ಕಟ್ಟಿ, ಆಮೇಲೆ ಕೈಹಾಕಿ.

ಇನ್ನು ಮಾಸ್ಕ್. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಆವಿಗೆ ಕಾರ್ಟ್ರಿಡ್ಜ್ (ಆವಿ ಹೀರುವ ಡಬ್ಬಿ) ಇರುವ ರೆಸ್ಪಿರೇಟರ್ ಬೇಕು. ಸಾವಯವ ದ್ರಾವಕದ ಕಾರ್ಟ್ರಿಡ್ಜ್ ಆಮ್ಲದ ಅನಿಲಕ್ಕೆ ಆಗದು. ಕೆಳಗೆ ಏನಿದೆ ಎಂದು ತಿಳಿಯದೆ ಆರಿಸಲು ಬಾರದು ಎಂಬ ಕಾರಣಕ್ಕೂ ಮೊದಲು ಆ ಒಪ್ಪಿಗೆ ಚೀಟಿ ಬೇಕು. ಪಕ್ಕದ ಚಿಮಣಿಗಳು ಓಡುತ್ತಿದ್ದರೆ ಗಾಳಿಯ ದಿಕ್ಕು ನೋಡಿ, ಗಾಳಿ ಬರುವ ಕಡೆ ನಿಂತು ಕೆಲಸ ಮಾಡಿ. ಫ್ಯಾನಿನಿಂದ ಚಿಮಣಿಯ ಕಡೆಗಿನ ಭಾಗದಲ್ಲಿ ಒತ್ತಡ ಹೊರಮುಖವಾಗಿರುತ್ತದೆ. ಅಲ್ಲಿನ ಬಟ್ಟೆಯ ಕನೆಕ್ಟರ್ ಹರಿದಿದ್ದರೆ, ಶಾಫ್ಟಿನ ಸೀಲ್ ಸವೆದಿದ್ದರೆ, ಸೋರಿದ್ದು ನೇರ ನಿಮ್ಮ ಮುಖಕ್ಕೆ ಬರುತ್ತದೆ.

ಪ್ರಶ್ನೆ: ಹಳೆಯ ಡಕ್ಟಿನ ಜೋಡಣೆಯಲ್ಲಿ ಬಿಳಿ ಹರಳು ಕಟ್ಟಿದೆ. ಕೆರೆದು ತೆಗೆಯಬಹುದೇ?

ಉತ್ತರ: ಖಂಡಿತ ಬೇಡ. ಅಮೋನಿಯ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿಗಳು ಸೇರಿ ಹುಟ್ಟುವ ಅಮೋನಿಯಂ ಕ್ಲೋರೈಡ್ ಸಹ ಬಿಳಿಯೇ, ಅದು ಸಿಡಿಯುವುದಿಲ್ಲ. ಆದರೆ ಹಿಂದೆ ಎಂದಾದರೂ ಅಲ್ಲಿ ಪರ್ಕ್ಲೋರಿಕ್ ಆಮ್ಲವನ್ನು ಬಿಸಿ ಮಾಡಿದ್ದರೆ ಆ ಹರಳು ಪರ್ಕ್ಲೋರೇಟ್ ಆಗಿರಬಹುದು. ಬೋಲ್ಟಿನ ತಿರುಪಿನಲ್ಲಿ ಉಜ್ಜಿದರೂ, ಸುತ್ತಿಗೆ ತಾಗಿದರೂ ಅದು ಸಿಡಿಯಬಲ್ಲದು. ಕಣ್ಣಿಗೆ ಎರಡೂ ಒಂದೇ. ಹುಡ್ಡಿನ ಈಗಿನ ಬಳಕೆ ಕೇಳಿದರೆ ಸಾಲದು, ಹಳೆಯ ದಾಖಲೆಯನ್ನೂ ಕೇಳಿ. ಬೋಲ್ಟ್ ಬಿಚ್ಚಬೇಡಿ, ಕೊರೆಯಬೇಡಿ, ವೆಲ್ಡಿಂಗ್ ಬೇಡವೇ ಬೇಡ. ಆ ಜಾಗವನ್ನು ಬಿಟ್ಟು ಬಂದು ಸುರಕ್ಷತಾ ಅಧಿಕಾರಿಗೆ ತಿಳಿಸಿ. ತಜ್ಞರು ಮಾದರಿಯನ್ನು ನೀರಿನಲ್ಲಿ ಕರಗಿಸಿ ಮಿಥಿಲೀನ್ ಬ್ಲೂ ಹಾಕಿ ನೋಡುತ್ತಾರೆ. ನೇರಳೆ ಗಸಿ ಇಳಿದರೆ ಪರ್ಕ್ಲೋರೇಟ್ ಎಂಬ ಸೂಚನೆ. ಡಕ್ಟನ್ನು ಪೂರ್ತಿ ನೀರಿನಿಂದ ನೆನೆಸಿ ತೊಳೆದ ಮೇಲೆಯೇ ಬಿಚ್ಚುವ ಮಾತು. ಈ ಆಮ್ಲಕ್ಕೆ ಪ್ರತ್ಯೇಕ ಡಕ್ಟ್, ಒಳಗೇ ನೀರು ಸಿಂಪಡಿಸುವ ವ್ಯವಸ್ಥೆ ಇರಬೇಕೆನ್ನುವುದು ಇದೇ ಕಾರಣಕ್ಕೆ.

ಪ್ರಶ್ನೆ: ಮಳೆ ನೀರು ಇಳಿಯದಂತೆ ಚಿಮಣಿಗೆ ಟೋಪಿ ಹಾಕಬಹುದೇ?

ಉತ್ತರ: ಹಾಕಬಾರದು. ಟೋಪಿ ಹೊಗೆಯನ್ನು ತಾರಸಿಯ ಕಡೆಗೇ ತಿರುಗಿಸುತ್ತದೆ. ಚಿಮಣಿ ತಾರಸಿಯಿಂದ ಕನಿಷ್ಠ 3 ಮೀಟರ್ ಎತ್ತರವಿದ್ದು, ಗಾಳಿ ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಹೋಗುತ್ತಿದ್ದರೆ ಮಳೆಹನಿ ಒಳಗೆ ಇಳಿಯುವುದೇ ಇಲ್ಲ. ಫ್ಯಾನ್ ನಿಂತಾಗ ಇಳಿದ ನೀರಿಗೆ ಫ್ಯಾನಿನ ಗೂಡಿನ ತಳದಲ್ಲಿ ಡ್ರೈನ್ ಇರಲಿ. ಅಲ್ಲಿ ನಿಂತದ್ದು ಬರೀ ಮಳೆನೀರೆಂದು ಮುಟ್ಟಬೇಡಿ. ಕನ್ನಡಕ, ಕೈಗವಸು ಹಾಕಿಕೊಂಡು ಪಿಎಚ್ ಕಾಗದದಿಂದ ನೋಡಿ. ಆಮ್ಲವಾಗಿದ್ದರೆ ಮಳೆನೀರಿನ ಕೊಳವೆಗೆ ಬಿಡದೆ ಪ್ರಯೋಗಾಲಯದವರಿಗೇ ಒಪ್ಪಿಸಿ.