ಫರ್ಗಲ್ ಕ್ವಿನ್ ಕುರಿತ ನಿಮ್ಮ ಲೇಖನ: ಸನ್ಮಾನ ಬಿಡಿ, ಮಸೂದೆ ಬರೆಯಿರಿ

ಮಾನ್ಯರೇ,

ಐರ್ಲೆಂಡಿನ ಸೂಪರ್‌ಮಾರ್ಕೆಟ್ ಉದ್ಯಮಿ, ಪಕ್ಷೇತರ ಸೆನೆಟರ್ ಫರ್ಗಲ್ ಕ್ವಿನ್ (1936–2019) ಅವರ ಜೀವನದ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ.

ಅಂಗಡಿಯ ಭಾಗ ಚೆನ್ನಾಗಿದೆ. ತಂದೆ ಸ್ಕೆರಿಸ್‌ನಲ್ಲಿ ನಡೆಸುತ್ತಿದ್ದ ರಜಾ ಶಿಬಿರದಲ್ಲಿ ಅತಿಥಿಗಳು ಹಣವನ್ನೆಲ್ಲ ಮೊದಲೇ ಕಟ್ಟುತ್ತಿದ್ದುದರಿಂದ, ಅವರು ಮರುವರ್ಷವೂ ಬರುವಂತೆ ನೋಡಿಕೊಳ್ಳುವುದೇ ಲಾಭದ ದಾರಿಯೆಂದು ಹುಡುಗ ಕಲಿತದ್ದನ್ನೂ, 1960ರಲ್ಲಿ ಡಂಡಾಕ್‌ನಲ್ಲಿ ತೆರೆದ ಮೊದಲ ಅಂಗಡಿಗೆ ಆ ಪಾಠವನ್ನು ಒಯ್ದದ್ದನ್ನೂ ಮುಟ್ಟಬೇಡಿ. ಆದರೆ ‘ಸೂಪರ್‌ಕ್ವಿನ್ ಇಂದಿಗೂ ಬೆಳಗುತ್ತಿದೆ’ ಎಂಬ ಸಾಲು ಹೋಗಬೇಕು. ಕ್ವಿನ್ ಕುಟುಂಬ ಆ ಅಂಗಡಿ ಸರಣಿಯನ್ನು ಮಾರಿದ್ದು 2005ರಲ್ಲಿ. 2014ರಲ್ಲಿ ಆ ಹೆಸರೇ ಅಂಗಡಿಗಳ ಮೇಲಿಂದ ಇಳಿಯಿತು.

ನನ್ನ ಮುಖ್ಯ ತಕರಾರು ರಾಜಕೀಯದ ಭಾಗದ್ದು. ‘ಯಾವ ಪಕ್ಷದ ಹಂಗಿಲ್ಲದೆ ನಾಡಿನ ಜನರೇ ಆರಿಸಿದರು’ ಎಂದಿದ್ದೀರಿ. ಐರ್ಲೆಂಡ್ ಸಂಸತ್ತಿನ ಮೇಲ್ಮನೆಯಾದ ಆ ಸೆನೆಟ್‌ನ 60 ಸ್ಥಾನಗಳಲ್ಲಿ 43ನ್ನು ಬಹುಪಾಲು ಜನಪ್ರತಿನಿಧಿಗಳೇ ಆರಿಸುತ್ತಾರೆ, 11 ಜನರನ್ನು ಪ್ರಧಾನಿ ನೇಮಿಸುತ್ತಾರೆ, ಉಳಿದ ಆರು ವಿಶ್ವವಿದ್ಯಾಲಯ ಪದವೀಧರರ ಮತಕ್ಕೆ ಬಿಟ್ಟವು. ಕ್ವಿನ್ 1993ರಿಂದ 2016ರವರೆಗೆ ಕುಳಿತದ್ದು ಈ ಆರರಲ್ಲೊಂದರಲ್ಲಿ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರವನ್ನು ಬಲ್ಲ ಓದುಗರಿಗೆ ಇದನ್ನು ಒಂದೇ ವಾಕ್ಯದಲ್ಲಿ ತಿಳಿಸಬಹುದಿತ್ತು. ಪಕ್ಷೇತರರಾಗಿ ಉಳಿಯಲು ಆ ಕ್ಷೇತ್ರ ಅವರಿಗೆ ಎಡೆಮಾಡಿಕೊಟ್ಟಿತು. ಎಲ್ಲವನ್ನೂ ಅವರ ಸ್ವಭಾವದ ಲೆಕ್ಕಕ್ಕೆ ಹಾಕಿದರೆ ಲೇಖನ ಅಭಿನಂದನ ಗ್ರಂಥದ ಪುಟವಾಗುತ್ತದೆ (ಆ ಪುಟಗಳನ್ನು ಓದುವವರು ಅಭಿನಂದಿತರು ಮಾತ್ರ). ಸೆನೆಟ್ಟನ್ನೇ ರದ್ದುಪಡಿಸುವ 2013ರ ಜನಮತಗಣನೆಯನ್ನು ಅವರು ವಿರೋಧಿಸಿದ್ದರು, ಜೊತೆಗೆ ಅದರ ಸುಧಾರಣೆಯನ್ನೂ ಬಯಸಿದ್ದರು. ಈ ಇಕ್ಕಟ್ಟು ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ.

ಅತಿ ದೊಡ್ಡ ನಷ್ಟವೆಂದರೆ ಕಟ್ಟಡ ಗುತ್ತಿಗೆಗಳ ಮಸೂದೆ. ಕಟ್ಟಡ ಉದ್ಯಮ ಕುಸಿದು, ಕೆಲಸ ಮುಗಿಸಿದ ಉಪಗುತ್ತಿಗೆದಾರರಿಗೆ ಹಣ ಸಿಗದೆ ಹೋಗುತ್ತಿದ್ದಾಗ, ಸಕಾಲ ಪಾವತಿಯನ್ನು ಕಡ್ಡಾಯಗೊಳಿಸಲು ಅವರು 2010ರಲ್ಲಿ ತಂದ ಈ ಖಾಸಗಿ ಸದಸ್ಯರ ಮಸೂದೆ 2013ರಲ್ಲಿ ಕಾಯ್ದೆಯಾಯಿತು. ಪಕ್ಷದ ಬಲವಿಲ್ಲದ ಒಬ್ಬ ಸದಸ್ಯನ ಮಸೂದೆ ಮೂರು ವರ್ಷ ಉಳಿದು ಗೆದ್ದದ್ದು ಹೇಗೆಂಬುದೇ ನಿಮ್ಮ ಲೇಖನದ ಬೆನ್ನೆಲುಬಾಗಬೇಕಿತ್ತು. ನೀವು ಅದಕ್ಕೆ ಕೊಟ್ಟದ್ದು ಅರ್ಧ ಸಾಲು, ಬಿರುದು ಸನ್ಮಾನಗಳಿಗೆ ಪೂರ್ತಿ ಒಂದು ಪುಟ.

ಸದನದ ಚರ್ಚೆಗಳ ದಾಖಲೆ ಸಾರ್ವಜನಿಕವಾಗಿ ಲಭ್ಯವಿದೆ. ಅದನ್ನು ಓದಿ, ಸನ್ಮಾನಗಳ ಪುಟದ ಜಾಗದಲ್ಲಿ ಮಸೂದೆಯ ಕಥೆಯನ್ನು ಬರೆದು ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಇಂತು,
ಸಂಪಾದಕ