ಹೊಸ ಮನೆಗೆ ಪ್ಲೈವುಡ್, ಬಣ್ಣ ಕೊಳ್ಳುವಾಗ ಯಾವ ಮುದ್ರೆಯನ್ನು ನಂಬಬೇಕು?
ಮಂಡ್ಯದಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ಮಗಳಿಗೆ ಉಬ್ಬಸವಿದೆ, ಅಂಗಡಿಯವರು ‘ಐಎಸ್‌ಐ ಇದೆ, ಲೋ ವಿಒಸಿ ಇದೆ’ (ಅಂದರೆ ಗಾಳಿಗೆ ಆವಿಯಾಗಿ ಬರುವ ರಾಸಾಯನಿಕಗಳು ಕಡಿಮೆ) ಎನ್ನುತ್ತಾರೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಮನೆಗಳ ಒಳಾಂಗಣ ಮರಗೆಲಸ ಮಾಡಿಸುವವನು. ಬಣ್ಣಕ್ಕಿಂತ ಮೊದಲು ವಾರ್ಡ್‌ರೋಬಿನ ಹಲಗೆಯನ್ನು ವಿಚಾರಿಸಿ. ಬಣ್ಣದ ವಾಸನೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಹಾಕಿದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಪಾರ್ಟಿಕಲ್ ಬೋರ್ಡ್, ಎಂಆರ್ (ತೇವ ತಡೆಯುವ) ದರ್ಜೆಯ ಪ್ಲೈವುಡ್‌ಗಳು ತಿಂಗಳುಗಟ್ಟಲೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತಲೇ ಇರುತ್ತವೆ, ಏಪ್ರಿಲ್ ಸೆಕೆಯಲ್ಲಂತೂ ಇನ್ನೂ ಹೆಚ್ಚು. ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ.

ಐಎಸ್‌ಐ ಗುರುತು ಬೇಕೇ ಬೇಕು. ಆದರೆ ಪ್ಲೈವುಡ್ ಮೇಲೆ ಅದು ಮುಖ್ಯವಾಗಿ ಹೇಳುವುದು ಅಂಟಿನ ಬಿಗಿ, ನೀರು ತಡೆಯುವ ಶಕ್ತಿ. ಕೋಣೆಯ ಗಾಳಿಯ ಮಾತಿಗೆ ಅದೊಂದೇ ಸಾಲದು. ‘ಲೋ ವಿಒಸಿ’ ಎಂಬುದು ತಯಾರಕರೇ ಬರೆದುಕೊಳ್ಳಬಹುದಾದ ಮಾತು, ಅದೂ ಡಬ್ಬಿಯೊಳಗೆ ಲೀಟರಿಗೆ ಎಷ್ಟು ಗ್ರಾಂ ಇದೆ ಎಂಬ ಲೆಕ್ಕ. ನಿಮ್ಮ ಮಗಳು ಉಸಿರಾಡುವುದು ಹೊರಗೆ ಬಂದದ್ದನ್ನು.

ಆದ್ದರಿಂದ ಹೊರಬರುವುದನ್ನು ಅಳೆಯುವ ಮುದ್ರೆಯನ್ನೇ ಕೇಳಿ. ಯುಎಲ್ ಸಂಸ್ಥೆಯ ಗ್ರೀನ್‌ಗಾರ್ಡ್‌ಗೆ ವಸ್ತುವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅಲ್ಲಿನ ಗಾಳಿಯನ್ನು ಪರೀಕ್ಷಿಸುತ್ತಾರೆ. ಸಾಮಾನ್ಯ ದರ್ಜೆಯಲ್ಲಿ ಒಟ್ಟು ವಿಒಸಿ ಘನ ಮೀಟರ್ ಗಾಳಿಗೆ 500 ಮೈಕ್ರೋಗ್ರಾಂ ದಾಟಬಾರದು, ಗೋಲ್ಡ್ ದರ್ಜೆಯಲ್ಲಿ 220. ಮಕ್ಕಳಿರುವ ಮನೆಗೆ ನಾನು ಗೋಲ್ಡ್ ಎಂದೇ ಹೇಳುತ್ತೇನೆ. ಹಲಗೆಗೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಕಾರ್ಬ್ ಫೇಸ್ 2 ನಿಯಮ ಕೂಡ ಒಳ್ಳೆಯ ಅಳತೆ: ಗಟ್ಟಿಮರದ ಪ್ಲೈವುಡ್‌ಗೆ ಫಾರ್ಮಾಲ್ಡಿಹೈಡ್ ಮಿತಿ 0.05 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ), ಎಂಡಿಎಫ್‌ಗೆ 0.11. ನಮ್ಮ ಭಾರತೀಯ ಕೈಗಾರಿಕಾ ಒಕ್ಕೂಟದ (ಸಿಐಐ) ಗ್ರೀನ್‌ಪ್ರೊ ಮುದ್ರೆ ನೀರು, ವಿದ್ಯುತ್ತು, ಮರುಬಳಕೆ ಎಲ್ಲವನ್ನೂ ಸೇರಿಸಿ ನೋಡುತ್ತದೆ. ಮೆಚ್ಚುವಂಥದ್ದೇ, ಆದರೆ ಗಾಳಿಯ ಪ್ರಶ್ನೆಗೆ ಅದೊಂದನ್ನೇ ನಂಬಬೇಡಿ.

ಪ್ರಮಾಣಪತ್ರ ಕಂಪನಿಗಲ್ಲ, ಆಯಾ ಉತ್ಪನ್ನಕ್ಕೆ. ಬಿಲ್ಲಿನಲ್ಲಿರುವ ಹೆಸರನ್ನೇ ಯುಎಲ್ ಜಾಲತಾಣದಲ್ಲಿ ಹುಡುಕಿ. ಮುದ್ರೆಯಿರುವ ಹಲಗೆ ಸಿಗದಿದ್ದರೆ ಫೀನಾಲ್ ಅಂಟಿನ ಬಿಡಬ್ಲ್ಯುಪಿ (ಕುದಿಯುವ ನೀರನ್ನೂ ತಾಳುವ ದರ್ಜೆಯ) ಪ್ಲೈವುಡ್ ತೆಗೆದುಕೊಳ್ಳಿ, ಅದು ಬಹಳ ಕಡಿಮೆ ಬಿಡುತ್ತದೆ. ಕೊಯ್ದ ಅಂಚುಗಳಿಗೆಲ್ಲ, ಕಾಣದ ಹಿಂಬದಿಗೂ, ಪಟ್ಟಿ ಅಂಟಿಸಲು ಬಡಗಿಗೆ ಹೇಳಿ.

ಗೃಹಪ್ರವೇಶದ ಮುಹೂರ್ತ ಮುಂದೂಡಬೇಕಾಗಿಲ್ಲ. ಹಾಲುಕ್ಕಿಸಿ, ನೆಂಟರಿಗೆ ಊಟ ಹಾಕಿಸಿ. ಮಗಳನ್ನು ಅಲ್ಲಿ ಮಲಗಿಸುವುದನ್ನು ಮಾತ್ರ ಕೆಲವು ವಾರ ತಡಮಾಡಿ. ಅಲ್ಲಿಯವರೆಗೆ ಕಿಟಕಿಗಳ ಜೊತೆ ವಾರ್ಡ್‌ರೋಬಿನ ಬಾಗಿಲುಗಳನ್ನೂ ತೆರೆದಿಡಿ.