ಹಸುವಿನ ಗಾಯದಲ್ಲಿ ಹುಳ ಬೀಳುವುದು ಯಾಕೆ? ಮನುಷ್ಯರಿಗೂ ಹೀಗಾಗುತ್ತದಾ?

ಹುಳ ತಾನಾಗಿ ಹುಟ್ಟುವುದಿಲ್ಲ, ನೊಣ ಇಟ್ಟ ಮೊಟ್ಟೆಯಿಂದ ಬರುತ್ತದೆ. ನಮ್ಮ ಕಡೆ ಇದಕ್ಕೆ ಮುಖ್ಯ ಕಾರಣ ಕ್ರೈಸೊಮಿಯಾ ಬೆಜಿಯಾನಾ ಅನ್ನೋ ಹಸಿರು-ನೀಲಿ ಹೊಳಪಿನ ನೊಣ. ಬೇರೆ ಎಷ್ಟೋ ನೊಣಗಳ ಮರಿಗಳಿಗೆ ಕೊಳೆತ ಮಾಂಸ ಸಾಕು, ಇದರ ಮರಿಗಳಿಗೆ ಮಾತ್ರ ಜೀವಂತ ಮಾಂಸವೇ ಬೇಕು. ಕೊಂಬು ಮುರಿದ ಜಾಗ, ಮೂಗುದಾರದ ಗಾಯ, ಆಗಷ್ಟೇ ಹುಟ್ಟಿದ ಕರುವಿನ ಹೊಕ್ಕುಳು, ಇಂಥ ಕಡೆ ಅಂಚಿನಲ್ಲಿ ನೂರಾರು ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಒಂದು ದಿನದೊಳಗೆ ಮರಿ ಹೊರಬಂದು, ತಲೆ ಕೆಳಗೆ ಮಾಡಿ ಒಳಗೆ ಕೊರೆಯುತ್ತದೆ. ಉಸಿರಾಡುವ ರಂಧ್ರಗಳು ಹಿಂಭಾಗದಲ್ಲಿವೆ, ಹಾಗಾಗಿ ಗಾಯದಲ್ಲಿ ನಿಮಗೆ ಕಾಣುವುದು ಬರೀ ಬಾಲದ ತುದಿಗಳು. ಸುಮಾರು ಒಂದು ವಾರ ತಿಂದು, ಮಣ್ಣಿಗೆ ಬಿದ್ದು ಕೋಶವಾಗುತ್ತದೆ, ಅಂದರೆ ನೊಣವಾಗುವ ಮುಂಚಿನ ಹಂತ.

ಟರ್ಪೆಂಟೈನ್ ಎಣ್ಣೆ ಹಾಕಿದರೆ ಹುಳ ಮೇಲೆ ಬರುವುದು ಉಸಿರು ಕಟ್ಟುವುದರಿಂದಲೇ. ಆಮೇಲೆ ಚಿಮಟದಿಂದ ಒಂದೊಂದಾಗಿ ತೆಗೆಯಬೇಕು. ಒಳಗೆ ಉಳಿದರೆ ಗಾಯ ಮಾಯುವುದಿಲ್ಲ. ಪೆಟ್ರೋಲ್, ಫಿನಾಯಿಲ್ ಸುರಿಯುವವರು ಜಾಸ್ತಿ, ದಯವಿಟ್ಟು ಬೇಡ, ಹಸಿ ಮಾಂಸ ಸುಡುತ್ತದೆ. ಪಶುವೈದ್ಯರು ಐವರ್ಮೆಕ್ಟಿನ್ ಕೊಡಬಹುದು, ಆದರೆ ಹಾಲು ಕರೆಯುವ ಹಸು ಅಂತ ಮೊದಲೇ ಹೇಳಿ, ಔಷಧಿ ಹಾಲಿಗೂ ಇಳಿಯುತ್ತದೆ.

ಮನುಷ್ಯರಿಗೂ ಆಗುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಹಾಸಿಗೆ ಹಿಡಿದವರ ಬೆನ್ನಿನ ಗಾಯ, ಸೋರುವ ಕಿವಿ, ಇವೆಲ್ಲ ನೊಣಕ್ಕೆ ಒಂದೇ. ಮೂಗಿನಲ್ಲಿ ಆದರೆ ತುಂಬಾ ಅಪಾಯ, ಹುಳ ಸೈನಸ್ ದಾಟಿ ಕಣ್ಣು, ಮೆದುಳಿನ ಕಡೆಗೂ ಕೊರೆಯಬಹುದು. ಮೂಗಿನಿಂದ ರಕ್ತ, ಕೆಟ್ಟ ವಾಸನೆ, ಒಳಗೆ ಏನೋ ಹರಿದಾಡಿದ ಹಾಗೆ ಅನ್ನಿಸಿದರೆ ಸುಮ್ನೆ ಮನೆಮದ್ದು ಮಾಡುತ್ತಾ ಕೂರದೆ ಅವತ್ತೇ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ.